ಕೂಸಿನ ಖೋಲ್ಯಾಗಿನ ಖುರ್ಚಿಗಳು

ಮಕ್ಕಳ ದಿನಾಚರಣಿ ಹತ್ರ ಬಂತಂದ್ರ ನನಗ ಮೈಯೆಲ್ಲಾ ಕಿರಿಕಿರಿ ಶುರುವಾಗತೈತಿ. ಮಕ್ಕಳ ಮ್ಯಾಲಿನ ಸಿಟ್ಟಲ್ಲ, ಆಣಿ ಮಾಡಿ ಹೇಳ್ತೀನಿ. ಸಾಲ್ಯಾಗ ಅಕ್ಕೋರಾಗಿ ಇಪ್ಪತ್ತು ವರ್ಷ ಆತು, ಹುಡುಗೂರ ಗದ್ದಲದಾಗ ನಿದ್ದಿ ಮಾಡಂದ್ರೂ ಮಾಡ್ತೀನಿ. ನನ್ನ ಸಿಟ್ಟೆಲ್ಲಾ ದೊಡ್ಡವ್ರ ಮ್ಯಾಲ. ಮಕ್ಕಳ ದಿನ ಅಂತ ಹೆಸರಿಟ್ಟು, ಅವತ್ತು ಮಕ್ಕಳ್ನ ಬಿಸಲಾಗ ನೆಲಕ್ಕ ಕುಂದರ್ಸಿ, ತಾವು ನೆಳ್ಳಾಗ ಖುರ್ಚಿ ಮ್ಯಾಲ ಕುಂತು, ಒಬ್ಬರಿಗೊಬ್ರು ಶಾಲು ಹೊದಿಸ್ಕೊಳ್ಳೋ ದೊಡ್ಡವ್ರ ಮ್ಯಾಲ.

ನಾ ಕಲಸೂದು ಕುಂದಗೋಳ ತಾಲೂಕಿನ ಒಂದು ಎರಿಹೊಲದ ಊರಾಗ. ಏಳನೇ ಕ್ಲಾಸಿನ ತನಕ ಸಾಲಿ. ಅದರ ಬಾಜೂಕ ಪಂಚಾಯ್ತಿ, ನಡುವ ಒಂದು ಮೋಟುಗ್ವಾಡಿ. ನಮ್ಮಲ್ಲಿ ಮಕ್ಕಳ ದಿನಾಚರಣಿ, ಮಕ್ಕಳ ಗ್ರಾಮಸಭಾ ಎರಡೂ ಒಂದ ದಿನ ಮುಗಿಸಿಬಿಡ್ತಾರ. ಗ್ರಾಮಸಭಾ ಅಂದ್ರ ಮಕ್ಕಳು ಎದ್ದು ನಿಂತು ಪಂಚಾಯ್ತಿಯವ್ರನ್ನ ಕೇಳಬೇಕು: ನಮಗ ಇದು ಬೇಕು, ಅದು ಯಾಕ ಆಗಿಲ್ಲ. ಕಾಗದದ ಮ್ಯಾಲ ಭಾಳ ಚೊಲೋ ಐತಿ. ಆದ್ರ ಮಕ್ಕಳು ಕೇಳೂ ಪಾಳಿ ಬರೂದ್ರಾಗ ಸತ್ಕಾರದಾಗ ಹೊತ್ತು ಮುಗದಿರತೈತಿ.

ನಮ್ಮ ಕಡೆ ಸತ್ಕಾರ ಅಂದ್ರ ಹಗುರ ಮಾತಲ್ಲ ಮತ್ತ. ಒಬ್ಬಗ ಶಾಲು ಹೊದಿಸಿ ಬಾಜೂಕ ಕುಂತವನ್ನ ಬಿಟ್ರ ಅಂವ ಜೀವ ಇರೂ ಮಟ ಮರಿಯಂಗಿಲ್ಲ. ಎರಡು ವರ್ಷದ ಹಿಂದ ಒಬ್ಬ ಹಿರ್‍ಯಾರ ಹೆಸರು ಪಟ್ಟ್ಯಾಗ ಬಿಟ್ಟುಹೋಗಿತ್ತು. ಪಟ್ಟಿ ಬರದಾಕಿ ನಾನ, ಅಕ್ಷರ ಚೊಲೋ ಅದಾವಂತ ಆ ಕೆಲಸ ನನ್ನ ಕೊಳ್ಳಿಗೆ ಬಿದ್ದೈತಿ. ಆ ಮನಷ್ಯಾ ಪೂರಾ ಒಂದು ವರ್ಷ ಸಾಲಿ ಮುಂದ ಹಾಯುವಾಗ ಮಾರಿ ಆಕಡೆ ಹೊಳ್ಳಿಸ್ಕೊಂಡ ಹಾದ. ಅಂದಿನಿಂದ ನಮ್ಮ ಹೆಡ್‌ಮಾಸ್ತರ್ರಿಗೆ ಪಟ್ಟಿ ಅಂದ್ರ ಜ್ವರ. ರಿಟೈರ್ ಆಗಾಕ ಎರಡ ವರ್ಷ ಉಳದಾವ, ಯಾರನ್ನೂ ಎದುರು ಹಾಕ್ಕೊಳ್ಳೂದು ಬ್ಯಾಡ ಅನ್ನೂದು ಅವ್ರ ಲೆಕ್ಕ. "ಅಕ್ಕೋರ, ಊರಾಗ ಯಾರ್‍ಯಾರು ಅದಾರ ಅವರೆಲ್ಲಾರ್ದೂ ಬರದಬಿಡ್ರಿ" ಅಂದ್ರು ಹೋದ ವರ್ಷ. ಬರದೆ. ಇಪ್ಪತ್ತೇಳು ಹೆಸರು ಆದ್ವು. ಅದರಾಗ ಒಂದೂ ಮಗುವಿನ ಹೆಸರಿಲ್ಲ ನೋಡ್ರಿ.

ಹೋದ ವರ್ಷ ನನ್ನ ಕ್ಲಾಸಿನ್ಯಾಗ ಒಬ್ಬಾಕಿ ಹುಡುಗಿ ಇದ್ಲು, ಆರನೇದಾಕಿ. ಸಣಕಲ ಮೈ, ದೊಡ್ಡ ದನಿ. ಪದ್ಯ ಒಮ್ಮೆ ಕೇಳಿದ್ರ ಬಾಯಿಪಾಠ. ದಸರಾ ರಜಾ ಮುಗಿಸಿ ಬಂದಾಗ ಟೊಂಕದ ಮ್ಯಾಲ ತಮ್ಮನ್ನ ಹೊತ್ಕೊಂಡ ಬಂದ್ಲು. ಹತ್ತು ತಿಂಗಳ ಕೂಸು, ಗುಂಡಗ ಇತ್ತು, ಆಕಿಗಿಂತ ಅದ ವಜ್ಜಾ ಕಾಣ್ತಿತ್ತು. ಅವ್ವ ಹತ್ತಿ ಬಿಡಸಾಕ ಹೊಲಕ್ಕ ಹೋಗ್ತಾಳ, ಅಪ್ಪ ಕುರಿ ಹೊಡ್ಕೊಂಡು ದೂರ ಹೋಗ್ಯಾನ, ಮನ್ಯಾಗ ಮತ್ಯಾರೂ ಇಲ್ಲ. ಅಂಗನವಾಡ್ಯಾಗ ಮೂರು ವರ್ಷ ತುಂಬಿದ್ರ ಮಾತ್ರ ಕರ್ಕೊಳ್ಳೂದು.

ಒಂದು ವಾರ ನಾ ಸುಮ್ನಿದ್ದೆ. ಕೂಸು ಹಿಂದಿನ ಸಾಲಿನ್ಯಾಗ ಸೀಸಾಕಡ್ಡಿ ಕಡಕೊಂತ ಕುಂತಿರ್ತಿತ್ತು. ಒಮ್ಮೊಮ್ಮೆ ಅಳ್ತಿತ್ತು, ಹುಡುಗೂರು ನಗ್ತಿದ್ವು, ಪಾಠ ಅರ್ಧಕ್ಕ ನಿಲ್ತಿತ್ತು. ಹೆಡ್‌ಮಾಸ್ತರ್ರು ನೋಡೇಬಿಟ್ರು. "ಅಕ್ಕೋರ, ನಾಳಿ ಸಾಹೇಬ್ರು ಯಾರಾರ ಬಂದ್ರ ಏನಂತಾರ? ಕೂಸು ಒಳಗ ತರೂದು ಬ್ಯಾಡಂತ ಹೇಳ್ರಿ" ಅಂದ್ರು. ಹೇಳ್ದೆ. ಮರುದಿನ ಆ ಹುಡುಗಿ ಕಿಡಕಿ ಹೊರಗ ಬೇವಿನ ಗಿಡದ ಬುಡಕ ಕೂಸಿನ್ನ ಕುಂದರ್ಸ್ಕೊಂಡು, ಅಲ್ಲಿಂದನ ಬೋರ್ಡ್ ನೋಡಿ ಬರಕೊಳ್ಳಾಕತ್ಲು. ಮೂರು ದಿನ ಹಂಗ ನಡೀತು. ನಾಲ್ಕನೇ ದಿನದಿಂದ ಗೈರುಹಾಜರಿ.

ಸಂಜೀಕ ಆಕಿ ಮನಿಗೆ ಹೋದೆ. ಅವ್ವ ಆಗಷ್ಟ ಹೊಲದಿಂದ ಬಂದಿದ್ಲು, ತಲ್ಯಾಗ ಹತ್ತಿ ಎಳಿ ಹಂಗ ಅಂಟ್ಕೊಂಡಿದ್ವು. "ಬರ್ರಿ ಅಕ್ಕೋರ, ಕುಂದರ್ರಿ" ಅಂತ ಚಾಪಿ ಹಾಸಿದ್ಲು. ನಾ ಬೈಯಾಕಂತ ಹೋದಾಕಿ. ಹುಡುಗಿ ಶಾಣ್ಯಾ ಅದಾಳ, ಸಾಲಿ ಬಿಡಸ್ತೀರೇನು, ಅದು ಇದು ಅಂತ ಶುರು ಮಾಡಿದೆ. ಆಕಿ ಪೂರಾ ಕೇಳಿದ್ಲು. ಆಮ್ಯಾಲ ಅಂದ್ಲು:

"ಬಿಡಸಾಕ ನನಗೇನು ಹುಚ್ಚ ಹಿಡದೈತೇನ್ರಿ? ಈಗ ಹತ್ತಿ, ಹತ್ತಿ ಮುಗೀತಂದ್ರ ಮೆಣಸಿನಕಾಯಿ. ನಾ ಹೊಲಕ್ಕ ಹೋಗ್ಲಿಲ್ಲಂದ್ರ ಒಲಿ ಹತ್ತಂಗಿಲ್ಲ. ಕೂಸಿನ್ನ ಎರಿಯಾಗ ಬಿಸಲಿಗೆ ಹಾಕ್ಲೇನು? ಆ ಪಂಚಾಯ್ತಿಯವ್ರು ಕೂಸುಗಳ್ನ ನೋಡ್ಕೊಳ್ಳಾಕಂತ ಒಂದು ಖೋಲಿ ಮಾಡ್ಯಾರಲ್ರಿ, ಅದರ ಬಾಗಲಾ ತಗಸ್ರಿ. ನಾಳೆನ ಕಳಸ್ತೀನಿ. ಇಲ್ಲಂದ್ರ ಮೆಣಸಿನಕಾಯಿ ಮುಗಿಯೂ ಮಟ ಆಕಿ ಮನ್ಯಾಗ."

ಮೆಣಸಿನಕಾಯಿ ಮುಗಿಯೂದಂದ್ರ ಪರೀಕ್ಷಾ ಹತ್ರ ಬಂದಿರತೈತಿ. ಅಷ್ಟು ತಿಂಗಳ ಮನ್ಯಾಗ ಕುಂತ ಹುಡುಗಿ ಹೊಳ್ಳಿ ಸಾಲಿಗೆ ಬರೂದು ನಾ ನೋಡಿಲ್ಲ. ಅವು ಹೊಲದ ಹಾದಿ ಹಿಡೀತಾವ, ಮುಂದ ಮದಿವಿ. ಆ ಹುಡುಗಿ ಹೊಚ್ಚಲದಾಗ ನಿಂತು ತಮ್ಮನ್ನ ತಟ್ಟಿಕೋತ ನನ್ನ ಮಾರಿನ ನೋಡಾಕತ್ತಿದ್ಲು. ನಾ ಏನೂ ವಿಚಾರ ಮಾಡ್ದ "ತಗಸ್ತೀನಿ ತಗೋ" ಅಂದಬಿಟ್ಟೆ.

ಆ ಖೋಲಿ ಸುದ್ದಿ ಹೇಳಬೇಕು. ಪಂಚಾಯ್ತಿ ಕಂಪೌಂಡಿನ್ಯಾಗ, ನಮ್ಮ ಮೋಟುಗ್ವಾಡಿಗೆ ಹತ್ತಿ ಐತಿ. ಹೊರಗಿನ ಗ್ವಾಡಿ ಮ್ಯಾಲ ಆನಿ, ಗಿಳಿ, ತೊಟ್ಟಲದಾಗ ನಗೂ ಕೂಸು, ಅಗದಿ ಚಂದ ಬಣ್ಣ ಹೊಡದಾರ. ಉದ್ಘಾಟನಾ ದಿನ ಒಬ್ಬರ ಮನಿಯಿಂದ ಕಟ್ಟಿಗಿ ತೊಟ್ಟಲಾ ತಂದು ಒಳಗಿನ ಕೊಂಡಿಗೆ ತೂಗಬಿಟ್ಟಿದ್ರು. ಫೋಟೋಕ್ಕಂತ ಬಂದ ಸಾಹೇಬ್ರು ಅದನ್ನ ಒಂದೀಟು ತೂಗಿದ್ದ ತಡ, ಬಾಗಲದಾಗ ನಿಂತ ಒಬ್ಬಾಕಿ ಮುದುಕಿ, "ಯಪ್ಪಾ! ಖಾಲಿ ತೊಟ್ಟಲಾ ತೂಗಬ್ಯಾಡ್ರೋ!" ಅಂತ ಹೊಯ್ಕೊಂಡ್ಲು. ಸಾಹೇಬ್ರು ಗಪ್ಪನ ಕೈ ಹಿಂದ ತಗೊಂಡ್ರು. ಸಂಜೀಕ ತೊಟ್ಟಲಾ ಹೊಳ್ಳಿ ಅವ್ರ ಮನಿಗೆ ಹೋತು, ಖೋಲಿಗೆ ಕೀಲಿ ಬಿತ್ತು. ಕೂಸುಗಳ್ನ ನೋಡಾಕಂತ ಒಬ್ಬಾಕಿ ಆಯಾನ್ನ ಆರಿಸಿ ತರಬೇತಿ ಕೊಡ್ಸಿದ್ರು. ಆಕಿನೂ ಬಾಗಲಾ ತಗೀಲಿ ಅಂತ ಕಾದು ಕಾದು ಹತ್ತಿ ಬಿಡಸಾಕ ಹೋದ್ಲು.

ಹಂಗಾರ ಖೋಲಿ ಖಾಲಿ ಇತ್ತೇನು? ಇಲ್ಲರೀ! ಒಳಗ ಪಂಚಾಯ್ತಿ ಪ್ಲಾಸ್ಟಿಕ್ ಖುರ್ಚಿ ಸೂರು ಮುಟ್ಟೂ ಹಂಗ ಒಟ್ಟಿದ್ರು. ಅದರ ಮ್ಯಾಲ ಶಾಮಿಯಾನಾ, ಮೂಲ್ಯಾಗ ಮೈಕಿನ ಡಬ್ಬಿ. ಇವೆಲ್ಲಾ ಯಾಕ ಬೇಕು? ಕಾರ್ಯಕ್ರಮಕ್ಕ. ಯಾವ ಕಾರ್ಯಕ್ರಮಕ್ಕ? ಮಕ್ಕಳ ದಿನಾಚರಣಿ ಅಂಥಾವಕ್ಕ! ಮಕ್ಕಳ ದಿನ ಮಾಡಾಕ ಬೇಕಾಗೂ ಸಾಮಾನು ಇಡಾಕಂತ ಕೂಸುಗಳ್ನ ಹೊರಗ ಹಾಕ್ಯಾರ. ಇದನ್ನ ಯಾರ ಮುಂದ ಹೇಳಿದ್ರೂ ನಗಂಗಿಲ್ಲ, ತಲಿ ಅಲ್ಲಾಡಸ್ತಾರ ಅಷ್ಟ. ನನಗ ಮಾತ್ರ ಹಣಿಹಣಿ ಬಡ್ಕೊಳ್ಳೂ ಹಂಗ ಆಗತೈತಿ.

ಕೀಲಿ ಇದ್ದಿದ್ದು ನಮ್ಮ ವಾರ್ಡಿನ ಮೆಂಬರ್ ಕಾಕಾರ ಹತ್ರ. ಊರಾಗ ಎಲ್ಲಾರೂ ಅವ್ರಿಗೆ ಕಾಕಾ ಅಂತಾರ, ನಾನೂ ಅಂತೀನಿ. ಬಿಳೇ ಟೊಪಗಿ, ಕೆಟ್ಟ ಮನಷ್ಯಾ ಏನಲ್ಲ. ಹೋಗಿ ಕೇಳ್ದೆ.

"ತಗೀಲಿಕ್ಕೇನ್ರಿ, ತಗಿಯೂಣು" ಅಂದ್ರು. "ಖುರ್ಚಿ ಎಲ್ಲಿ ಇಡೂಣು ಹೇಳ್ರಿ. ನಿಮ್ಮ ಸಾಲ್ಯಾಗ?"

ಹೆಡ್‌ಮಾಸ್ತರ್ರನ್ನ ಕೇಳ್ದೆ. ಸಾಲ್ಯಾಗ ಬ್ಯಾಡ, ಇಲಿ ಕಡದ್ರ ಜವಾಬ್ದಾರಿ ಯಾರದು ಅಂದ್ರು. ಪಂಚಾಯ್ತಿ ಹಾಲಿನ್ಯಾಗ ಇಡ್ರಿ ಅಂದ್ರ ಅಲ್ಲಿ ಮೀಟಿಂಗ್ ಆಗ್ತಾವಂತ. ಮತ್ತ ಕಾಕಾರ ಹತ್ರ ಬಂದೆ. "ಮುಂದಿನ ಮೀಟಿಂಗಿನ್ಯಾಗ ವಿಷಯ ಇಡೂಣ ತಡೀರಿ ಅಕ್ಕೋರ" ಅಂದ್ರು. ಮೀಟಿಂಗಿನ್ಯಾಗ ಇಟ್ಟ ವಿಷಯ ಅಂದ್ರ ಭಾವಿಗೆ ಬಿದ್ದ ಕೊಡ ಇದ್ದಂಗ. ಹದಿನೈದು ದಿನದಾಗ ನಾಲ್ಕು ಸಲ ಅಡ್ಡಾಡಿದೆ. ನನ್ನ ಚಪ್ಲಿ ಹರದ್ವು, ಕೀಲಿ ಮಾತ್ರ ಕಾಕಾರ ಉಡದಾರದಾಗ ಹಂಗ ಇತ್ತು.

ಆವಾಗ ನನಗ ಹೊಳೀತು. ಗ್ರಾಮಸಭಾದಾಗ ಆ ಹುಡುಗಿನ ಎದ್ದು ನಿಂತು ಕೇಳ್ಲಿ. ಎಲ್ಲಾ ಸಾಹೇಬ್ರು ಕುಂತಿರ್ತಾರ, ಹೂಂ ಅನ್ನಲೇಬೇಕು. ಅವ್ವನ ಕಾಲು ಹಿಡದು, ಅದೊಂದು ದಿನ ಹುಡುಗಿನ್ನ ಕಳಸ್ರಿ ಅಂತ ಒಪ್ಪಿಸಿದೆ. ಕೂಸಿನ್ನ ಕರ್ಕೊಂಡ ಬರ್ಲಿ ಅಂದೆ.

ಆದ್ರ ನಮ್ಮಲ್ಲಿ ಮಕ್ಕಳು ಕೇಳೂ ಪ್ರಶ್ನೆ ಮೊದಲ ಚೀಟ್ಯಾಗ ಬರದು ಕೊಡಬೇಕು. ಉತ್ತರ ತಯಾರು ಮಾಡ್ಕೊಳ್ಳಾಕಂತ. ಚೀಟಿ ಹೆಡ್‌ಮಾಸ್ತರ್ರ ಟೇಬಲ್ಲಿಗೆ ಹೋತು. ಅರ್ಧ ತಾಸಿನ್ಯಾಗ ನನ್ನ ಕರದ್ರು. ಆ ಹುಡುಗಿ ಪ್ರಶ್ನೆ ಮ್ಯಾಲ ಕೆಂಪು ಗೆರಿ ಎಳದಿದ್ರು.

"ಇದು ಬ್ಯಾಡ್ರಿ ಅಕ್ಕೋರ. ಖುರ್ಚಿ ಅವ್ರವು, ಶಾಮಿಯಾನಾ ಅವ್ರದು. ಅವ್ರ ಖುರ್ಚಿ ಮ್ಯಾಲ ಅವ್ರನ್ನ ಕುಂದರ್ಸಿ ಮಾನ ಕಳದಂಗ ಆಗತೈತಿ. ಬ್ಯಾರೆ ಏನಾರ ಬರದು ಕೊಡ್ರಿ. ಗ್ರಂಥಾಲಯ ಬೇಕು ಅನ್ರಿ, ಅದು ಚೊಲೋ ಕೇಳತೈತಿ."

ನಾ ಜಗಳಾಡಿದೆ ಅಂತ ಬರೀಬೇಕಂತ ಭಾಳ ಆಸೆ ಐತಿ. ಜಗಳಾಡ್ಲಿಲ್ಲ. ಇಪ್ಪತ್ತು ವರ್ಷ ಆತಲ್ಲ, ಯಾವಾಗ ಬಾಯಿ ಮುಚ್ಕೋಬೇಕು ಅನ್ನೂದು ಮೈಗೆ ಹತ್ತಿಬಿಟ್ಟೈತಿ. ಸ್ಟಾಫ್ ರೂಮಿಗೆ ಬಂದು ಕುಂತು, ಚೊಲೋ ಅಕ್ಷರದಾಗ, "ನಮ್ಮ ಶಾಲೆಗೆ ಸುಸಜ್ಜಿತ ಗ್ರಂಥಾಲಯ ಒದಗಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ" ಅಂತ ಬರದೆ. ಸುಸಜ್ಜಿತ! ಆ ಹುಡುಗಿಗೆ ಕೊಟ್ಟೆ. ಆಕಿ ಓದಿದ್ಲು, ನನ್ನ ನೋಡಿದ್ಲು. "ಖೋಲಿದು ಕೇಳೂದಿಲ್ಲೇನ್ರಿ ಅಕ್ಕೋರ?" ಅಂದ್ಲು. "ಈ ಸಲ ಇದ ಕೇಳವಾ. ಅದನ್ನ ನಾ ಬ್ಯಾರೆ ಕಡೆ ಹೇಳ್ತೀನಿ" ಅಂದೆ. ಬ್ಯಾರೆ ಕಡೆ ಅಂದ್ರ ಎಲ್ಲಿ ಅಂತ ಆಕಿ ಕೇಳ್ಲಿಲ್ಲ, ಪುಣ್ಯಾಕ.

ಹದಿನಾಲ್ಕನೇ ತಾರೀಖು ಮುಂಜಾನೆ ಖುರ್ಚಿ ಹೊರಗ ಬಂದ್ವು, ಶಾಮಿಯಾನಾ ಹೊರಗ ಬಂತು. ಒಂಬತ್ತಕ್ಕ ಮಕ್ಕಳ್ನ ಸಾಲಾಗಿ ಅಂಗಳದಾಗ ಕುಂದರ್ಸಿದ್ವಿ. ಮುಖ್ಯ ಅತಿಥಿಗಳು ಬಂದಿದ್ದು ಹನ್ನೊಂದೂವರಿಗೆ. ಎರಡೂವರಿ ತಾಸು ಆ ಹುಡುಗೂರು ಇಸ್ತ್ರಿ ಅರಬ್ಯಾಗ ಬಿಸಲಾಗ ಕುಂತ ಕೆಂಪ ಆಗಿದ್ವು. ನೀರಿಗೆ ಬಿಡ್ರಿ ಅಂದ್ರ, "ಈಗ ಬಂದಬಿಡ್ತಾರ, ಸಾಲು ಕೆಡತೈತಿ" ಅಂತ ಹೆಡ್‌ಮಾಸ್ತರ್ರು. ಬಂದ್ರು. ದೀಪ ಹಚ್ಚಿದ್ರು. ಫೋಟೋಕ್ಕ ಹಾರ ಹಾಕಿದ್ರು. ಆಮ್ಯಾಲ ಸತ್ಕಾರ ಶುರುವಾತು. ನಾನ ಮೈಕ್ ಹಿಡದು ಒಬ್ಬೊಬ್ಬರ ಹೆಸರು ಕರೀತಿದ್ದೆ: ಹಿರಿಯರು, ಮಾರ್ಗದರ್ಶಕರು, ಶಿಕ್ಷಣ ಪ್ರೇಮಿಗಳು. ಶಾಲು, ಹಾರ, ಕಾಯಿ. ಫೋಟೋದಾವ ಬರೂ ಮಟ ಶಾಲು ಹಿಡದು ನಿಂದರೂದು. ಹಿಂದಿನ ಸಲ ಪಟ್ಟ್ಯಾಗ ಬಿಟ್ಟುಹೋಗಿದ್ದ ಹಿರ್‍ಯಾಗ ಈ ಸಲ ಮೊದಲ ಹೊದಿಸಿದ್ರು, ಅಂಜಿಕಿಗೆ ಕಡೀಕ ಮತ್ತೊಮ್ಮೆ ಹೊದಿಸಿದ್ರು. ಅಂವ ಎರಡೂ ಶಾಲು ಹೊದ್ಕೊಂಡು ಬೆವತು ಕುಂತಿದ್ದ.

ಹನ್ನೆರಡನೇ ಹೆಸರಿಗೋ ಏನೋ ಹಿಂದಿಂದ ಕೂಸು ಅಳೂ ದನಿ ಬಂತು. ಹೆಡ್‌ಮಾಸ್ತರ್ರು ನನ್ನ ಕಡೆ ಕಣ್ಣು ತಗದು ನೋಡಿದ್ರು. ಆ ಹುಡುಗಿ ಕೂಸಿನ್ನ ಎತ್ಕೊಂಡು ಎದ್ಲು. ಆಯಾ ಅವತ್ತು ಅಲ್ಲೇ ಇದ್ಲು. ಕೂಸುಗಳ್ನ ನೋಡಾಕ ತರಬೇತಿ ತಗೊಂಡಾಕಿನ್ನ ಅವತ್ತು ಅತಿಥಿಗಳಿಗೆ ಚಾ ಕೊಡಾಕ ಕರಸಿದ್ರು, ಕೇಳ್ರಿ ಮತ್ತ! ಆಕಿ ಚಾದ ತಾಟು ಕೆಳಗಿಟ್ಟು, "ಬಾ ಇಲ್ಲೆ" ಅಂತ ಹುಡುಗಿನ್ನ ಆ ಖೋಲಿಗೆ ಕರ್ಕೊಂಡ ಹೋದ್ಲು. ಖುರ್ಚಿ ಎಲ್ಲಾ ಹೊರಗ ಇದ್ವಲ್ಲ, ಖೋಲಿ ಖಾಲಿ, ತಂಪು. ಮ್ಯಾಲ ತೊಟ್ಟಲದ ಕೊಂಡಿ ಹಂಗ ಇತ್ತು. ಮೈಕಿನ ಡಬ್ಬಿ ಸುತ್ತಿದ ಹಳೇ ಸೀರಿ ಝಾಡಿಸಿ ಜೋಲಿ ಕಟ್ಟಿದ್ಲಂತ. ಎರಡು ಸಲ ತೂಗೂದ್ರಾಗ ಕೂಸು ಮಲಗ್ತಂತ.

ಮಕ್ಕಳ ಪಾಳಿ ಬರೂದ್ರಾಗ ಒಂದೂವರಿ. ಅತಿಥಿಗಳಿಗೆ ಇನ್ನೊಂದೂರಿಗೆ ಹೋಗೂದಿತ್ತು, ಗಡಿಯಾರ ನೋಡ್ಕೊಳ್ಳಾಕತ್ತಿದ್ರು. ಐದು ಪ್ರಶ್ನೆ ಇದ್ದದ್ದು ಎರಡ ಸಾಕಂದ್ರು. ಎರಡನೇದಾಕಿ ಈ ಹುಡುಗಿ. ಮೈಕಿನ ಮುಂದ ನಿಂತ್ಲು. ಖೋಲಿದ ಕೇಳಿಬಿಡ್ಲಿ ಅಂತ ಒಂದು ಮನಸ್ಸು, ಕೇಳಿದ್ರ ನನ್ನ ಗತಿ ಏನಂತ ಇನ್ನೊಂದು. ಆಕಿ ನನ್ನ ಮಾರಿ ನೋಡಿದ್ಲು. ಆಮ್ಯಾಲ ಒಂದಕ್ಷರ ತಪ್ಪಿಲ್ದ, ಸುಸಜ್ಜಿತ ಅನ್ನೂದು ಸುದ್ದಾ ಸ್ಪಷ್ಟ ಹೇಳಿ, ನಮಸ್ಕಾರ ಮಾಡಿ ಇಳದ್ಲು. "ಪರಿಶೀಲಿಸ್ತೀವಿ" ಅಂದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ನನ್ನ ಮ್ಯಾಲ ಅಷ್ಟು ಹೇಸಿಗಿ ಯಾವತ್ತೂ ಬಂದಿದ್ದಿಲ್ಲ.

ಕಾರು ಹೋದ್ವು. ಹುಡುಗೂರಿಗೆ ಒಂದೊಂದು ಉಂಡಿ ಕೊಟ್ಟು ಊಟಕ್ಕ ಎಬ್ಬಿಸಿದ್ವಿ. ಸಾಮಾನು ಎತ್ತಿಡಾಕಂತ ಪಂಚಾಯ್ತಿಯವ್ರು ಕರಸಿದ್ದ ಟ್ರ್ಯಾಕ್ಟರಿನ ಇಬ್ಬರು ಗಂಡಸ್ರು ಖುರ್ಚಿ ಹೊತ್ಕೊಂಡು ಖೋಲಿ ಕಡೆ ಹೋದವ್ರು ಬಾಗಲದಾಗ ನಿಂತಬಿಟ್ರು. ಆಯಾ ಬಾಗಲಕ್ಕ ಅಡ್ಡ ಕುಂತಿದ್ಲು.

"ಯಾಕ ನಿಂತ್ರಲೇ?" ಅಂತ ಮೆಂಬರ್ ಕಾಕಾ ಒದರ್‍ಕೋತ ಬಂದ್ರು.

"ಕೂಸು ಮಲಗೈತ್ರಿ" ಅಂದ್ಲು ಆಯಾ.

ಕಾಕಾ ಬಗ್ಗಿ ನೋಡಿದ್ರು. ಅವ್ರ ದನಿ ತಾನ ಇಳೀತು. ಮಲಗಿದ ಕೂಸಿನ ಹತ್ರ ಸಪ್ಪಳ ಮಾಡೂದಂದ್ರ ನಮ್ಮ ಕಡೆ ಯಾರೂ ಮಾಡಂಗಿಲ್ಲ. "ಏಳ್ಲಿ ತಡೀರಿ, ಎಲ್ಲಿ ಓಡಿ ಹೋಗ್ತಾವ ಖುರ್ಚಿ" ಅಂದ್ರು. ಖುರ್ಚಿ ಹೊರಗ ಒಟ್ಟಿದ್ರು. ಕೂಸು ಎದ್ದಾಗ ನಾಲ್ಕಾಗಿತ್ತು. ಹುಡುಗಿ ಅದನ್ನ ಎತ್ಕೊಂಡು ಮನಿಗೆ ನಡದ್ಲು. ಜೋಲಿ ಮಾತ್ರ ಕೊಂಡಿಗೆ ಹಂಗ ಇತ್ತು, ಅಗದಿ ನಡುವ. ಅದನ್ನ ಬಿಚ್ಚದ ಖುರ್ಚಿ ಒಟ್ಟಾಕ ಬರೂದಿಲ್ಲ.

"ಬಿಚ್ಚಲೇ" ಅಂದ್ರು ಕಾಕಾ.

ಹಾಲು ಕುಡಿಯೂ ಕೂಸು ಮಲಗಿದ ಜೋಲಿ, ಆ ಕೂಸಿನ ಮನಿಯವ್ರು ಬಿಟ್ಟು ಬ್ಯಾರೆಯವ್ರು ಬಿಚ್ಚೂದು ನಮ್ಮಲ್ಲಿ ಭಾಳ ಕೆಟ್ಟದ್ದು. ಟ್ರ್ಯಾಕ್ಟರಿನಾವ ಎರಡು ಹೆಜ್ಜಿ ಹಿಂದ ಸರದ. "ನನ್ನ ಹೇಣ್ತಿ ಬಸರಿ ಅದಾಳ್ರಿ ಕಾಕಾ. ನಾ ಒಲ್ಲೆ." ಇನ್ನೊಬ್ಬಾಂವ ಬೀಡಿ ಹಚ್ಚಾಕ ಹೋದ. "ನೀವ ಬಿಚ್ರಲಾ ಕಾಕಾ" ಅಂದ್ಲು ಆಯಾ. ಕಾಕಾ ಟೊಪಗಿ ತಗದು ತಲಿ ಕೆರಕೊಂಡ್ರು. "ಮಮ್ಮಗ ಹುಟ್ಟಿ ಇನ್ನೂ ಹನ್ನೆರಡ ದಿನ ಆಗೇತಿ ಬೇ, ಅದೆಂಗ..." ಅಂತ ಅಲ್ಲಿಗೆ ನಿಲ್ಲಿಸಿ, ನನ್ನ ಕಡೆ ಹೊಳ್ಳಿದ್ರು. "ಅಕ್ಕೋರ, ನೀವು ಓದಿದವ್ರು. ನಿಮಗಿದೆಲ್ಲಾ ಇಲ್ಲ. ನೀವ ಬಿಚ್ಚಿಬಿಡ್ರಿ."

ನಾ ವಿಜ್ಞಾನ ಕಲಸಾಕಿ. ಗ್ರಹಣದ ದಿನ ಹುಡುಗೂರಿಗೆ ಚುರುಮುರಿ ತಿನ್ನಿಸಿದಾಕಿ. ಸೀರಿ ಗಂಟು ಬಿಚ್ಚಿದ್ರ ಏನೂ ಆಗಂಗಿಲ್ಲಂತ ನನಗ ಚೊಲೋತ್ನಾಗಿ ಗೊತ್ತೈತಿ. ಎರಡೂ ಕೈ ಮುಗದು, "ನನ್ನ ಕೈಲೂ ಆಗಂಗಿಲ್ರಿ ಕಾಕಾ. ಸಣ್ಣ ಕೂಸಿನ ವಿಷಯ" ಅಂದೆ. ಮುಂಜಾನಿಂದ ಮೈಕಿನ್ಯಾಗ ಅಷ್ಟು ಸುಳ್ಳು ಹೇಳಿದಾಕಿಗೆ ಇದೊಂದು ಹೆಚ್ಚಾತೇನು.

ಮರುದಿನ ಹೊತ್ತು ಹೊಂಡೂದ್ರಾಗ ಕೂಸು ಜೋಲ್ಯಾಗ ಇತ್ತು. ಅವ್ವ ಹೊಲಕ್ಕ ಹೋಗುವಾಗ ತಾನ ಬಂದು ಹಾಕಿ ಹೋಗಿದ್ಲು. ಆಯಾ ಹತ್ತಿ ಬಿಟ್ಟು ಬಾಗಲದಾಗ ಕುಂತಿದ್ಲು. ಕಾಕಾ ದಿನಕ್ಕೆರಡು ಸಲ ಬಂದು ಹಣಿಕಿ ಹಾಕೂದು, "ಮಲಗೈತೇನು?" ಅಂತ ಸಣ್ಣ ದನ್ಯಾಗ ಕೇಳೂದು, ಹೋಗೂದು. ಒಂದು ವಾರ ಖುರ್ಚಿ ಹೊರಗ ಮಂಜಿನ್ಯಾಗ ಕುಂತ್ವು. ಕಡೀಕ ಪಂಚಾಯ್ತಿಯವ್ರ ಹೊತ್ಕೊಂಡು ತಮ್ಮ ಹಾಲಿನ್ಯಾಗ ಒಟ್ಟಿದ್ರು. ಮೀಟಿಂಗ್ ಆಗ್ತಾವ ಅಂದಿದ್ರಲ್ಲ, ಅದ ಹಾಲಿನ್ಯಾಗ. ಮೀಟಿಂಗು ಇನ್ನೂ ಆಗಾಕತ್ತಾವ, ಯಾರಿಗೂ ಏನೂ ತ್ರಾಸ ಆಗಿಲ್ಲ! ಅಡ್ಡಾಡಿ ನನ್ನ ಚಪ್ಲಿ ಹರದಿದ್ದು ಯಾತಕ್ಕ ಹಂಗಾರ?

ಆ ಜೋಲಿ ಇನ್ನೂ ಬಿಚ್ಚಿಲ್ಲ. ಆ ಹುಡುಗಿ ತಮ್ಮ ನಡಿಯೂದು ಕಲತು ಇಳಿಯೂದ್ರಾಗ ಮತ್ತೊಂದು ಕೂಸು ಏರಿತು, ಈಗ ಅಲ್ಲಿ ಆರು ಕೂಸು ಅದಾವ. ಹುಡುಗಿ ಏಳನೇ ಕ್ಲಾಸಿಗೆ ಬಂದಾಳ. ತಿಂಗಳು ಬಿಟ್ರ ಮತ್ತ ಮಕ್ಕಳ ದಿನಾಚರಣಿ. ಪಟ್ಟಿ ಬರ್ಯಾಕ ಕುಂತೀನಿ. ಕೂಸಿನ ಖೋಲಿ ನಡಿಸಿದ್ದಕ್ಕ ಮೆಂಬರ್ ಕಾಕಾಗ ವಿಶೇಷ ಸತ್ಕಾರ ಮಾಡಬೇಕಂತ ಹೆಡ್‌ಮಾಸ್ತರ್ರು ಹೇಳ್ಯಾರ. ಬರಕೊಂಡೀನಿ, ಏನ್ ಮಾಡೂದು.

ನಿನ್ನಿ ಸಂಜೀಕ ಆ ಹುಡುಗಿ ತಮ್ಮನ ಕೈ ಹಿಡ್ಕೊಂಡು ಬಂದು ನನ್ನ ಟೇಬಲ್ಲಿನ ಮುಂದ ನಿಂತ್ಲು.

"ಅಕ್ಕೋರ, ಹೋದ ವರ್ಷ ನೀವು ಬರದಕೊಟ್ಟಿದ್ದು ನಾ ಬರೋಬರಿ ಹೇಳಿದ್ನಿಲ್ರಿ?"

"ಹೇಳಿದಿ. ಒಂದಕ್ಷರ ತಪ್ಪಲಿಲ್ಲ" ಅಂದೆ. ಅನ್ನುವಾಗ ಆಕಿ ಮಾರಿ ನೋಡಾಕ ಆಗಲಿಲ್ಲ.

"ಈ ವರ್ಷಾನೂ ನಾನ ಹೇಳ್ತೀನ್ರಿ. ಚೀಟಿ ಕೊಡ್ರಿ."

ಟೇಬಲ್ಲಿನ ಖಾನಿ ತಗದು ಒಂದು ಖಾಲಿ ಹಾಳಿ ಆಕಿ ಕೈಯಾಗ ಇಟ್ಟೆ. ಆಕಿ ಹೊಳ್ಳಿಸಿ ಹೊಳ್ಳಿಸಿ ನೋಡಿದ್ಲು.

"ಇದರಾಗ ಏನೂ ಬರದಿಲ್ರಿ ಅಕ್ಕೋರ."

"ಈ ಸಲ ನೀನ ಬರಿಯವಾ," ಅಂದೆ. "ಹೆಡ್‌ಮಾಸ್ತರ್ರ ಕೆಂಪು ಪೆನ್ನಿಗೆ ನಾ ಉತ್ತರ ಕೊಡ್ತೀನಿ."